ಮರ್ಸಿಡಿಸ್ 722.6 ಗೇರ್‌ಬಾಕ್ಸ್: ಕಂಟ್ರೋಲ್ ಮಾಡ್ಯೂಲ್ ಬದಲಿಸುವ ಕ್ರಮ

ಡಬ್ಲ್ಯು210 ಇ-ಕ್ಲಾಸ್, ಡಬ್ಲ್ಯು203 ಸಿ-ಕ್ಲಾಸ್‌ನಂಥ ಹಳೆಯ ಮರ್ಸಿಡಿಸ್‌ಗಳಲ್ಲಿರುವುದು 722.6 ಎಂಬ ಐದು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಯಾವಾಗ ಯಾವ ಗೇರ್ ಹಾಕಬೇಕೆಂದು ನಿರ್ಧರಿಸುವ ಇದರ ಕಂಪ್ಯೂಟರನ್ನು, ಅಂದರೆ ಕಂಟ್ರೋಲ್ ಮಾಡ್ಯೂಲನ್ನು, ಕಂಪನಿಯ ಭಾಷೆಯಲ್ಲಿ ಇಜಿಎಸ್ ಎನ್ನುತ್ತಾರೆ. ಮಾಡ್ಯೂಲು ಗೇರ್‌ಬಾಕ್ಸಿನ ಒಳಗಿಲ್ಲ, ಬೇರೆಯಾಗಿ ಕೂತಿದೆ. ಹಾಗಾಗಿ ಬಿಚ್ಚಿ ಹಾಕುವುದು ಅರ್ಧ ಗಂಟೆಯ ಕೆಲಸ. ಕಷ್ಟವಿರುವುದು ಅದು ನಿಜವಾಗಿ ಕೆಟ್ಟಿದೆಯೇ ಎಂದು ತೀರ್ಮಾನಿಸುವುದರಲ್ಲಿ. ಮಾಡ್ಯೂಲಿನ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಗೇರ್‌ಬಾಕ್ಸಿನ ಒಳಗೆ ಸೆನ್ಸರ್‌ಗಳನ್ನು ಹೊತ್ತಿರುವ ವಿದ್ಯುತ್ ಫಲಕವಾದ ಕಂಡಕ್ಟರ್ ಪ್ಲೇಟಿನವು, ಇಲ್ಲವೇ ಒಂದು ಚಿಕ್ಕ ಪ್ಲಾಸ್ಟಿಕ್ ಬುಷ್‌ನವು.

ಲಕ್ಷಣ ಹೀಗಿರುತ್ತದೆ: ಗಾಡಿ ಓಡುತ್ತಿರುವಾಗ ಗೇರ್ ಬದಲಾಗುವುದು ನಿಂತು, ಇದ್ದ ಗೇರಿನಲ್ಲೇ ಉಳಿಯುತ್ತದೆ. ನಿಲ್ಲಿಸಿ, 'ಪಿ'ಗೆ ಹಾಕಿ, ಎಂಜಿನ್ ಆಫ್ ಮಾಡಿ ಹತ್ತು ಸೆಕೆಂಡು ಕಾದು ಮತ್ತೆ ಸ್ಟಾರ್ಟ್ ಮಾಡಿದರೆ ಎರಡನೇ ಗೇರು ಮತ್ತು ರಿವರ್ಸ್ ಮಾತ್ರ ಸಿಗುತ್ತವೆ. ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಕೆಟ್ಟ ಸಂಕೇತ ಬಂದಾಗ ಗೇರ್‌ಬಾಕ್ಸನ್ನು ಉಳಿಸಲು ಮಾಡ್ಯೂಲು ಹೀಗೆ ಮಾಡುತ್ತದೆ. ಅಂದರೆ ಲಿಂಪ್ ಮೋಡ್ ಬಂತೆಂದರೆ ಮಾಡ್ಯೂಲು ಹೋಯಿತು ಎಂದಲ್ಲ. ತನ್ನ ಕೆಲಸ ಮಾಡುತ್ತಿದೆ ಎಂದೂ ಆಗಬಹುದು.

ಮೊದಲು ಪರೀಕ್ಷೆ

ಗಾಡಿಯ ದೋಷದ ಕೋಡುಗಳನ್ನು ಓದುವ ಅಗ್ಗದ ಒಬಿಡಿ ಸ್ಕ್ಯಾನರ್ ಇಲ್ಲಿ ಸಾಲದು. ಅದು ಹೆಚ್ಚೆಂದರೆ ಗೇರ್‌ಬಾಕ್ಸಿನಲ್ಲಿ ಏನೋ ದೋಷವಿದೆ ಎನ್ನುವ ಪಿ0700 ಕೋಡ್ ತೋರಿಸಿ ಸುಮ್ಮನಾಗುತ್ತದೆ. ಮರ್ಸಿಡಿಸ್‌ನ ಗೇರ್‌ಬಾಕ್ಸ್ ಮಾಡ್ಯೂಲಿನೊಳಗೆ ಹೋಗಿ ಓದಬಲ್ಲ ಸ್ಟಾರ್ ಡಯಾಗ್ನೋಸಿಸ್, ಎಕ್ಸೆಂಟ್ರಿ ಅಥವಾ ಒಳ್ಳೆಯ ಆಟೆಲ್, ಲಾಂಚ್ ಸ್ಕ್ಯಾನರ್ ಬೇಕು. ಬಂದ ಕೋಡುಗಳನ್ನೆಲ್ಲ ಬರೆದಿಟ್ಟುಕೊಂಡ ಮೇಲೆಯೇ ಅಳಿಸಿ.

ಬ್ಯಾಟರಿ ನೋಡಿ. ಗಾಡಿ ನಿಂತಿರುವಾಗ 12.4 ವೋಲ್ಟ್‌ಗಿಂತ ಮೇಲೆ, ಎಂಜಿನ್ ಓಡುವಾಗ ಸುಮಾರು 13.8ರಿಂದ 14.4 ಇರಬೇಕು. ಸೋತ ಬ್ಯಾಟರಿಯೊಂದೇ ಸಾಲು ಸಾಲು ಸುಳ್ಳು ಕೋಡುಗಳನ್ನು ಹುಟ್ಟಿಸಬಲ್ಲದು.

ಆಮೇಲೆ ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ ನೋಡಿ. ಡಬ್ಲ್ಯು210ರಲ್ಲಿ ಅದು ಎಂಜಿನ್ ಕೋಣೆಯ ಹಿಂಬದಿಯ ಮೂಲೆಯಲ್ಲಿ, ಕಂಟ್ರೋಲ್ ಯೂನಿಟ್‌ಗಳಿರುವ ಕಪ್ಪು ಪೆಟ್ಟಿಗೆಯೊಳಗಿದೆ. ಡಬ್ಲ್ಯು203ರಲ್ಲಿ ಮುಂದಿನ ಕಾರ್ಪೆಟ್ಟಿನ ಕೆಳಗೆ, ಕಾಲಿಡುವ ಜಾಗದಲ್ಲಿದೆ. ಪಿನ್ನುಗಳಲ್ಲಿ ಕೆಂಪು ಎಣ್ಣೆಯ ಜಿಡ್ಡು ಕಂಡರೆ ಕಾರಣ ಸಿಕ್ಕಿತು. ಗೇರ್‌ಬಾಕ್ಸಿನ 13 ಪಿನ್ನಿನ ಪ್ಲಗ್ ಕೂರುವ ಬುಷ್‌ನ ಓ-ರಿಂಗ್ (ರಬ್ಬರ್ ಸೀಲ್) ಬಿಸಿಗೆ ಗಟ್ಟಿಯಾಗಿ ಸೋರುತ್ತದೆ. ಆ ಎಣ್ಣೆ ವೈರುಗಳ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಏರುವಂತೆಯೇ ಏರುತ್ತಾ ಮಾಡ್ಯೂಲಿನ ತನಕ ಬರುತ್ತದೆ. ಬುಷ್ ಬದಲಿಸದೆ ಹೊಸ ಮಾಡ್ಯೂಲ್ ಹಾಕಿದರೆ ಅದಕ್ಕೂ ಅದೇ ಗತಿ. ಡಬ್ಲ್ಯು203ರಲ್ಲಿ ಎಣ್ಣೆಯ ಬದಲು ನೀರೂ ಸಿಗಬಹುದು. ವಿಂಡ್‌ಶೀಲ್ಡ್ ಕೆಳಗಿನ ನೀರು ಹೋಗುವ ತೂತುಗಳು ತರಗೆಲೆಯಿಂದ ಮುಚ್ಚಿಹೋದರೆ ಮಳೆನೀರು ಒಳಗಿಳಿದು ಕಾರ್ಪೆಟ್ಟಿನಡಿ ನಿಲ್ಲುತ್ತದೆ. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಲೇಬೇಕು.

ಪವರ್ ಮತ್ತು ಅರ್ಥ್ ಪರೀಕ್ಷಿಸಲು ಬರೀ ಮಲ್ಟಿಮೀಟರ್ ನಂಬಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ 12 ವೋಲ್ಟ್ ತೋರಿಸುತ್ತದೆ. ಕನೆಕ್ಟರಿನ ಪವರ್ ಮತ್ತು ಅರ್ಥ್ ನಡುವೆ 5 ವ್ಯಾಟಿನ ಬಲ್ಬ್ ಹೊತ್ತಿಸಿ, ಅದು ಉರಿಯುತ್ತಿರುವಾಗ ಅಳೆಯಿರಿ. ಬ್ಯಾಟರಿಯ ಪ್ಲಸ್‌ನಿಂದ ಇಲ್ಲಿಯ ತನಕ ಇಳಿಕೆ 0.2 ವೋಲ್ಟ್, ಅರ್ಥ್ ಕಡೆ 0.1 ವೋಲ್ಟ್ ಮೀರಿದರೆ ಆ ವೈರನ್ನೇ ಹುಡುಕಿ ಸರಿಮಾಡಬೇಕು. ಇಲಿ ಕಡಿದಿರುವ ಸಾಧ್ಯತೆಯನ್ನು ಮರೆಯಬೇಡಿ.

ಬ್ಯಾಟರಿ ಕಳಚಿ, ಎಲ್ಲ ಕನೆಕ್ಟರ್ ಜೋಡಿಸಿದ ಸ್ಥಿತಿಯಲ್ಲಿ ಮಾಡ್ಯೂಲುಗಳು ಒಂದಕ್ಕೊಂದು ಮಾತಾಡುವ ಎರಡು ಕ್ಯಾನ್ ವೈರುಗಳ ನಡುವೆ ಸುಮಾರು 60 ಓಮ್ ಇರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರು ತಾಗಿಕೊಂಡಿವೆ.

ಈಗ ಮಾಡ್ಯೂಲಿನ ಕನೆಕ್ಟರ್ ಬಿಚ್ಚಿ, ವೈರಿಂಗ್ ಚಿತ್ರ ನೋಡಿ, ಅಲ್ಲಿಂದಲೇ ಸೊಲೆನಾಯ್ಡ್‌ಗಳನ್ನು (ಗೇರ್‌ಬಾಕ್ಸಿನ ಎಣ್ಣೆಯ ಹರಿವನ್ನು ನಿಯಂತ್ರಿಸುವ ವಿದ್ಯುತ್ ವಾಲ್ವ್‌ಗಳನ್ನು) ಅಳೆಯಿರಿ. ತಣ್ಣಗಿರುವಾಗ ಮೂರು ಶಿಫ್ಟ್ ಸೊಲೆನಾಯ್ಡ್‌ಗಳು ಒಂದೊಂದೂ 4 ಓಮ್‌ನ ಆಸುಪಾಸು, ಎರಡು ಪ್ರೆಶರ್ ಸೊಲೆನಾಯ್ಡ್‌ಗಳು 5ರ ಆಸುಪಾಸು, ಟಾರ್ಕ್ ಕನ್ವರ್ಟರ್ ಲಾಕಪ್‌ನದು 2.5ರ ಆಸುಪಾಸು. ಇಲ್ಲಿಂದ ಅಳೆದರೆ ಹಾರ್ನೆಸ್ (ವೈರುಗಳ ಕಟ್ಟು), ಪ್ಲಗ್, ಸೊಲೆನಾಯ್ಡ್ ಮೂರೂ ಒಟ್ಟಿಗೆ ಪರೀಕ್ಷೆಯಾಗುತ್ತವೆ.

ಕೊನೆಗೆ ಎನ್2, ಎನ್3 ಸ್ಪೀಡ್ ಸೆನ್ಸರ್‌ಗಳು. ಇವು ಕಂಡಕ್ಟರ್ ಪ್ಲೇಟಿನ ಮೇಲಿವೆ, ಬೇರೆಯಾಗಿ ಸಿಗುವುದಿಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿ, ಎರಡನೇ ಗೇರಿನಲ್ಲಿ ಗಾಡಿ ಓಡಿಸುತ್ತಾ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿ. 2, 3, 4ನೇ ಗೇರಿನಲ್ಲಿ ಎರಡೂ ಒಂದೇ ಅಂಕಿ ತೋರಿಸಬೇಕು. ಒಂದು ಆಗಾಗ ಸೊನ್ನೆಗೆ ಬಿದ್ದರೆ ಹೋಗಿರುವುದು ಬಹುತೇಕ ಕಂಡಕ್ಟರ್ ಪ್ಲೇಟ್. ಮಾಡ್ಯೂಲಿಗೆ ದುಡ್ಡು ಹಾಕಬೇಡಿ. ಬಿಸಿಯಾದ ಮೇಲಷ್ಟೇ ಈ ದೋಷ ಕಾಣಿಸುವುದು ಸಾಮಾನ್ಯ, ಆದ್ದರಿಂದ ಅರ್ಧ ಗಂಟೆಯಾದರೂ ಓಡಿಸಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ಸ್ಕ್ಯಾನರ್‌ಗೆ ಮಾಡ್ಯೂಲ್ ಸಿಗದಿದ್ದರೆ, ಅಥವಾ ಮಾಡ್ಯೂಲಿನ ಒಳದೋಷದ ಕೋಡೇ ಮತ್ತೆ ಮತ್ತೆ ಬಂದರೆ, ಆಗ ಮಾಡ್ಯೂಲು. ಎಣ್ಣೆ ಸೇರಿದ್ದ ಮಾಡ್ಯೂಲನ್ನು ಬಿಸಾಡುವ ಮುನ್ನ ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು, ಪೂರ್ತಿ ಒಣಗಿಸಿ ಹಾಕಿ ನೋಡಿ. ತುಕ್ಕು ಹಿಡಿಯದಿದ್ದರೆ ಬದುಕಿಕೊಳ್ಳುವುದುಂಟು.

ಮಾಡ್ಯೂಲ್ ಕೊಳ್ಳುವುದು

ಹಳೆಯದರ ಲೇಬಲ್ಲಿನ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ. ಪಾರ್ಟ್ ನಂಬರ್ ಒಂದೇ ಇರಬೇಕು, ಇಲ್ಲವೇ ಕಂಪನಿಯೇ ಬದಲಿಯಾಗಿ ಕೊಟ್ಟ ನಂಬರಾಗಿರಬೇಕು. ಪ್ಲಗ್ ಕೂರುತ್ತದೆ ಎಂಬುದು ಹೊಂದಾಣಿಕೆಗೆ ಸಾಕ್ಷಿಯಲ್ಲ. ಗುಜರಿಯಿಂದ ತಂದ ಇಜಿಎಸ್‌ಗೆ ನಿಮ್ಮ ಗಾಡಿಯ ವಿವರ ಬರೆದು ಕೋಡಿಂಗ್ ಮಾಡಿದರೆ ಸಾಮಾನ್ಯವಾಗಿ ನಡೆಯುತ್ತದೆ. ಇದೇ ಧೈರ್ಯದಲ್ಲಿ ಏಳು ಗೇರಿನ 722.9ಕ್ಕೆ ಕೈಹಾಕಬೇಡಿ. ಅದರ ಮಾಡ್ಯೂಲ್ ಗೇರ್‌ಬಾಕ್ಸಿನ ಒಳಗಿದ್ದು, ಕಳ್ಳತನ ತಡೆಯುವ ವ್ಯವಸ್ಥೆಯ ಮೂಲಕ ಆ ಗಾಡಿಗೇ ಕಟ್ಟಿಹಾಕಿರುತ್ತದೆ.

ಜೊತೆಗೆ ಬುಷ್ (ಎ 203 540 02 53), ಕಾಂಟ್ಯಾಕ್ಟ್ ಕ್ಲೀನರ್, ಎಂಬಿ 236.14 ಮಾನದಂಡದ ಎಟಿಎಫ್ (ಗೇರ್‌ಬಾಕ್ಸ್ ಎಣ್ಣೆ) ಒಂದೆರಡು ಲೀಟರ್ ತಂದಿಟ್ಟುಕೊಳ್ಳಿ.

ಬದಲಿಸುವುದು

ಹಳೆಯ ಮಾಡ್ಯೂಲ್ ಇನ್ನೂ ಮಾತಾಡುತ್ತಿದ್ದರೆ ಮೊದಲು ಅದರ ಕೋಡಿಂಗ್ ಪೂರ್ತಿ ಓದಿ, ಪ್ರತಿ ಪರದೆಯ ಫೋಟೊ ಇಟ್ಟುಕೊಳ್ಳಿ. ಮಾದರಿ, ಎಂಜಿನ್, ಡಿಫರೆನ್ಷಿಯಲ್ ಅನುಪಾತ, ಟೈರಿನ ಅಳತೆ ಎಲ್ಲ ಅದರಲ್ಲಿವೆ. ಇದನ್ನು ಬಿಟ್ಟವರು ಆಮೇಲೆ ವಿಐಎನ್ (ಚಾಸಿ ನಂಬರ್) ಹಿಡಿದು ಗಾಡಿಯ ಡೇಟಾ ಕಾರ್ಡ್ ಹುಡುಕಬೇಕಾಗುತ್ತದೆ.

ಕೀ ತೆಗೆದು, ರೇಡಿಯೊ ಕೋಡ್ ಕೈಯಲ್ಲಿದೆಯೇ ನೋಡಿ, ಬ್ಯಾಟರಿಯ ಮೈನಸ್ ಕಳಚಿ. ಬುಷ್ ಕೆಲಸ ಮೊದಲು ಮುಗಿಸಿ. ಗಾಡಿಯನ್ನು ರ‍್ಯಾಂಪ್ ಅಥವಾ ಗಟ್ಟಿ ಸ್ಟ್ಯಾಂಡ್ ಮೇಲಿಡಿ, ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ. ಗೇರ್‌ಬಾಕ್ಸಿನ ಬಲಬದಿ, ಮುಂಭಾಗದಲ್ಲಿ ಪ್ಲಗ್ ಇದೆ. ಶಾಖ ತಡೆಯುವ ತಗಡಿದ್ದರೆ ತೆಗೆದು, ಪ್ಲಗ್‌ನ ಉಂಗುರವನ್ನು ಎಡಕ್ಕೆ ತಿರುಗಿಸಿ ನೇರವಾಗಿ ಹೊರಗೆಳೆಯಿರಿ. ಬುಷ್‌ನ ಒಳಗೆ 7 ಮಿ.ಮೀ. ತಲೆಯ ಒಂದೇ ಬೋಲ್ಟ್. ಅದನ್ನು ಬಿಚ್ಚಿದರೆ ಬುಷ್ ಬರುತ್ತದೆ, ಜೊತೆಗೆ ಎಣ್ಣೆಯೂ ಸುರಿಯುತ್ತದೆ, ತಟ್ಟೆ ಇಟ್ಟಿರಿ. ಪಿನ್ನುಗಳನ್ನು ಕ್ಲೀನರ್‌ನಿಂದ ತೊಳೆದು, ಹೊಸ ಬುಷ್‌ನ ಓ-ರಿಂಗಿಗೆ ಎಟಿಎಫ್ ಸವರಿ, ನೇರವಾಗಿ ತಳ್ಳಿ ಕೂರಿಸಿ. ಬೋಲ್ಟ್ ಚಿಕ್ಕದು, ಪ್ಲಾಸ್ಟಿಕ್ ಒಡೆಯುವಷ್ಟು ಬಿಗಿಯಬೇಡಿ.

ಮೇಲೆ ಬಂದು ಹಳೆಯ ಮಾಡ್ಯೂಲಿನ ಕನೆಕ್ಟರ್ ಲಾಕ್ ಸಡಿಲಿಸಿ ತೆಗೆಯಿರಿ. ಕನೆಕ್ಟರಿನೊಳಕ್ಕೆ ಕ್ಲೀನರ್ ಹೊಡೆದು, ಬಾಯಿ ಕೆಳಗೆ ಮಾಡಿ ಒಂದು ರಾತ್ರಿ ಬಿಟ್ಟರೆ ವೈರಿನೊಳಗಿನ ಎಣ್ಣೆ ಬಹಳಷ್ಟು ಇಳಿಯುತ್ತದೆ. ಪೆಟ್ರೋಲ್ ಬಳಸಬೇಡಿ, ಬೆಂಕಿಯ ಅಪಾಯದ ಜೊತೆಗೆ ಸೀಲುಗಳೂ ಊದಿಕೊಳ್ಳುತ್ತವೆ. ಗಾಡಿಯ ಬರಿ ಲೋಹ ಮುಟ್ಟಿ ಸ್ಥಿರವಿದ್ಯುತ್ ಇಳಿಸಿಕೊಂಡು, ಹೊಸ ಮಾಡ್ಯೂಲನ್ನು ಪಿನ್ ಮುಟ್ಟದೆ ಕೂರಿಸಿ, ಲಾಕ್ ಹಾಕಿ.

ಕೋಡಿಂಗ್ ಮಾಡುವಾಗ ಬ್ಯಾಟರಿಗೆ 13.5 ವೋಲ್ಟ್ ಸ್ಥಿರವಾಗಿ ಕೊಡುವ ಸಪ್ಲೈ ಜೋಡಿಸಿ. ಸಾಧಾರಣ ಚಾರ್ಜರಿನ ವೋಲ್ಟೇಜ್ ಏರಿಳಿಯುತ್ತದೆ. ನಡುವೆ ಕರೆಂಟ್ ಹೋಗಿ ವೋಲ್ಟೇಜ್ ಕುಸಿದರೆ ಬರವಣಿಗೆ ಅರ್ಧಕ್ಕೆ ನಿಂತು ಮಾಡ್ಯೂಲೇ ಸತ್ತುಹೋಗಬಹುದು. ಲೈಟು, ಫ್ಯಾನ್ ಆಫ್ ಇರಲಿ. ಹಳೆಯ ಕೋಡಿಂಗನ್ನು ಹಾಗೇ ಬರೆದು, ದೋಷದ ಕೋಡುಗಳನ್ನು ಅಳಿಸಿ, ಅಡಾಪ್ಟೇಶನ್ (ಮಾಡ್ಯೂಲು ಕಲಿತಿಟ್ಟುಕೊಂಡ ಹೊಂದಾಣಿಕೆ) ರೀಸೆಟ್ ಮಾಡಿ. ಅನುಪಾತ ತಪ್ಪಾಗಿ ಬರೆದರೆ ಮಾಡ್ಯೂಲಿನ ವೇಗದ ಲೆಕ್ಕ ತಪ್ಪುತ್ತದೆ, ಗಾಡಿ ಮತ್ತೆ ಲಿಂಪ್ ಮೋಡಿಗೆ ಹೋಗುತ್ತದೆ.

ಎಣ್ಣೆಯ ಮಟ್ಟ ನೋಡದೆ ರಸ್ತೆಗಿಳಿಯಬೇಡಿ. ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ, ಖಾಲಿ ಕೊಳವೆಯಷ್ಟೇ ಇದೆ. ಅಳತೆಯ ಕಡ್ಡಿಯನ್ನು ವರ್ಕ್‌ಶಾಪ್ ಉಪಕರಣವಾಗಿ ಬೇರೆ ಕೊಳ್ಳಬೇಕು. ಸಮತಟ್ಟಾದ ನೆಲದಲ್ಲಿ ಎಂಜಿನ್ ಐಡಲಿನಲ್ಲಿ, 'ಪಿ'ಯಲ್ಲಿದ್ದು, ಎಣ್ಣೆ 80 ಡಿಗ್ರಿ ಇರುವಾಗ ಅಳೆಯಬೇಕು. ಉಷ್ಣತೆಯನ್ನು ಸ್ಕ್ಯಾನರ್‌ನಲ್ಲೇ ನೋಡಿ.

ಮೊದಲ ಓಟದಲ್ಲಿ ಗೇರುಗಳು ಸ್ವಲ್ಪ ಜಗ್ಗಿ ಬೀಳುತ್ತವೆ. ಹೊಸ ಮಾಡ್ಯೂಲಿಗೆ ಈ ಗೇರ್‌ಬಾಕ್ಸಿನ ಕ್ಲಚ್ಚುಗಳ ಸವೆತ ಇನ್ನೂ ಗೊತ್ತಿಲ್ಲ. ಎಣ್ಣೆ 60 ಡಿಗ್ರಿ ದಾಟಿದ ಮೇಲೆ, ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತುತ್ತಾ ಒಂದರಿಂದ ಐದರವರೆಗೆ ಏರಿಸಿ, ನಿಧಾನವಾಗಿ ಇಳಿಸಿ, ಮತ್ತೆ ಮತ್ತೆ ಮಾಡಿ. ಅಡಿಗಡಿಗೆ ನಿಲ್ಲುವ ಟ್ರಾಫಿಕ್ಕಿನಲ್ಲಿ ಇದು ಆಗದ ಕೆಲಸ, ಬೆಳಗ್ಗೆ ಬೇಗ ಹೊರಡಿ.

ಸುಮಾರು 500 ಕಿ.ಮೀ. ಆದ ಮೇಲೆ ಮಾಡ್ಯೂಲಿನ ಕನೆಕ್ಟರ್ ಮತ್ತೊಮ್ಮೆ ಬಿಚ್ಚಿ ನೋಡಿ. ವೈರಿನಲ್ಲಿ ಉಳಿದಿದ್ದ ಎಣ್ಣೆ ಸ್ವಲ್ಪ ಬಂದಿರಬಹುದು, ಒರೆಸಿ ಹಾಕಿ. ಇನ್ನೊಂದು 500 ಕಿ.ಮೀ. ನಂತರವೂ ಪಿನ್ನು ಒದ್ದೆಯಿದ್ದರೆ ಬುಷ್‌ನ ಓ-ರಿಂಗ್ ಸರಿಯಾಗಿ ಕೂತಿಲ್ಲ. ಅದನ್ನು ಬಿಚ್ಚಿ ಹೊಸದನ್ನೇ ಹಾಕಿ.