ಕಾರ್ಬನ್ ಬೀಮ್ ತಾಗಿದ ಕೋಶಗಳಲ್ಲಿ ಕ್ರೋಮೋಸೋಮ್ ಎಣಿಕೆ: ನನ್ನ ಅನುಭವ

ವಿಕಿರಣದಿಂದ ಕೋಶಕ್ಕಾದ ಹಾನಿಯನ್ನು ಕೆಟ್ಟ ಕ್ರೋಮೋಸೋಮುಗಳನ್ನು ಎಣಿಸಿ ಅಳೆಯುತ್ತೇವೆ. ಗ್ಯಾಮಾ ಕಿರಣಕ್ಕೆ ನಡೆಯುವ ಎಣಿಕೆ ಕಾರ್ಬನ್ನಿನಂಥ ಭಾರ ಅಯಾನುಗಳಿಗೆ ನಡೆಯುವುದಿಲ್ಲ ಎಂದು ನಾನು ಹೇಳುತ್ತ ಬಂದು ವರ್ಷಗಳೇ ಆದವು. "48 ಗಂಟೆ ಕಲ್ಚರ್, ಕೊನೆಯಲ್ಲಿ ಕೋಲ್ಸೆಮಿಡ್, ಡೈಸೆಂಟ್ರಿಕ್ ಎಣಿಸಿ ಮುಗಿಸಿ, ಸುಮ್ಮನೆ ದುಡ್ಡು ಯಾಕೆ ಸುರಿಯುತ್ತೀರಿ?" ಎಂದವರೇ ಹೆಚ್ಚು. (ಕೋಲ್ಸೆಮಿಡ್ ಕೋಶವನ್ನು ಮೆಟಾಫೇಸಿನಲ್ಲಿ, ಅಂದರೆ ಕ್ರೋಮೋಸೋಮುಗಳು ಸ್ಪಷ್ಟವಾಗಿ ಕಾಣುವ ವಿಭಜನೆಯ ಹಂತದಲ್ಲಿ, ತಡೆದು ನಿಲ್ಲಿಸುವ ರಾಸಾಯನಿಕ; ಡೈಸೆಂಟ್ರಿಕ್ ಅಂದರೆ ಒಂದರ ಬದಲು ಎರಡು ಸೆಂಟ್ರೋಮಿಯರ್, ಅಂದರೆ ಎರಡು ಗಂಟು, ಇರುವ ಕೆಟ್ಟ ಕ್ರೋಮೋಸೋಮ್.) ಈಗ ಸ್ಲೈಡುಗಳು ಕೈಯಲ್ಲಿವೆ.

ದೆಹಲಿಯ ಐಯುಎಸಿಯ (ಇಂಟರ್-ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್) ಪೆಲೆಟ್ರಾನ್ ಎಂಬ ಅಯಾನು ವೇಗವರ್ಧಕದಲ್ಲಿ ನಮಗೆ ಸಿಕ್ಕಿದ್ದು 62 ಎಂಇವಿ ಕಾರ್ಬನ್, ಎಲ್ಇಟಿ (ಅಯಾನು ಸಾಗುವ ದಾರಿಯಲ್ಲಿ ಬಿಟ್ಟುಹೋಗುವ ಶಕ್ತಿ) ಸುಮಾರು 290 ಕೆಇವಿ ಪ್ರತಿ ಮೈಕ್ರಾನ್‌ಗೆ. ಈ ಬೀಮ್ ಅರ್ಧ ಮಿಲಿಮೀಟರ್ ನೀರನ್ನೂ ದಾಟುವುದಿಲ್ಲ. ಹಾಗಾಗಿ ಮೀಡಿಯಂ (ಕೋಶ ಬೆಳೆಸುವ ದ್ರವ) ಪೂರ್ತಿ ತೆಗೆದು, ಡಿಶ್ಶನ್ನು ನಿಲ್ಲಿಸಿ ಹೊಡೆಸಬೇಕು. ನಾವು ಬಳಸಿದ ಲಿಂಫೋಸೈಟ್ (ರಕ್ತದ ಒಂದು ಬಿಳಿ ಕೋಶ) ಡಿಶ್ಶಿಗೆ ತಾನಾಗಿ ಅಂಟುವ ಕೋಶವಲ್ಲ, ಹಾಗಾಗಿ ಅಂಟಿಸಲು ಪಾಲಿಲೈಸಿನ್ ಬಳಿದೆವು. ಅಂಟಿದ್ದೇನೋ ಸರಿ, ಆಮೇಲೆ ಬಿಡಿಸುವಾಗ ಮೊದಮೊದಲು ಅರ್ಧಕ್ಕರ್ಧ ಸತ್ತವು. ಈಗ ನೂರಕ್ಕೆ ಎಂಬತ್ತರಷ್ಟು ಜೀವಂತ ಬಿಡಿಸುತ್ತೇನೆ. ಹೇಗೆ ಅನ್ನುವುದನ್ನು ಪೇಪರ್ ಬರುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೊದಲು ಎಲ್ಲರ ಹಾಗೆ ಮೆಟಾಫೇಸ್ ಎಣಿಸಿದೆ. 1 ಗ್ರೇ (ವಿಕಿರಣ ಡೋಸಿನ ಅಳತೆ) ಕಾರ್ಬನ್ ಹೆಚ್ಚುಕಡಿಮೆ ಗ್ಯಾಮಾದಷ್ಟೇ ಹಾನಿ ತೋರಿಸಿತು. ನಂಬಲಿಲ್ಲ, ಕೂತು ಲೆಕ್ಕ ಹಾಕಿದೆ. ಈ ಎಲ್ಇಟಿಯಲ್ಲಿ 1 ಗ್ರೇ ಅಂದರೆ ಚದರ ಸೆಂಟಿಮೀಟರಿಗೆ ಇಪ್ಪತ್ತು ಲಕ್ಷ ಚಿಲ್ಲರೆ ಅಯಾನು. ಲಿಂಫೋಸೈಟಿನ ಪುಟ್ಟ ನ್ಯೂಕ್ಲಿಯಸ್ಸಿಗೆ ಸರಾಸರಿ ಒಂದು ಬೀಳುತ್ತದೆ, ಮೂರರಲ್ಲಿ ಒಂದು ಕೋಶಕ್ಕೆ ಏನೂ ತಾಗಿರುವುದಿಲ್ಲ. ಪೆಟ್ಟು ತಿಂದ ಕೋಶ ವಿಭಜನೆಗೆ ಮುಂಚಿನ ಜಿ2 ಹಂತದಲ್ಲೇ ನಿಂತುಬಿಡುತ್ತದೆ. 48 ಗಂಟೆಗೆ ಮೆಟಾಫೇಸಿಗೆ ಬಂದು ನಿಲ್ಲುವವು ಬಹುಪಾಲು ಪೆಟ್ಟೇ ತಿನ್ನದವು! ನಾವು ಗಟ್ಟಿಮುಟ್ಟಾದವರನ್ನೇ ಎಣಿಸಿ ಹಾನಿ ಕಡಿಮೆ ಎನ್ನುತ್ತಿದ್ದೆವು. 72 ಗಂಟೆಗೆ ಎಳೆದು ನೋಡಿದೆ. ಎರಡನೇ ವಿಭಜನೆಯ ಕೋಶಗಳು ಸೇರಿಕೊಂಡು, ತುಣುಕುಗಳು ಕಳೆದುಹೋಗಿ, ಇನ್ನಷ್ಟು ಗೋಜಲಾಯಿತು.

ಕೊನೆಗೆ ಹಿಡಿದ ದಾರಿ ಕ್ಯಾಲಿಕ್ಯುಲಿನ್ ಎ ಎಂಬ ರಾಸಾಯನಿಕ. ಕಲ್ಚರಿನಿಂದ ಕೋಶ ತೆಗೆಯುವುದಕ್ಕೆ ಅರ್ಧ ಗಂಟೆ ಮುಂಚೆ 50 ನ್ಯಾನೊಮೋಲಾರ್ ಹಾಕಿದರೆ, ಮೈಟೋಸಿಸ್‌ಗೆ (ವಿಭಜನೆಗೆ) ಕಾಯದೆ ಜಿ2 ಕೋಶದ ಕ್ರೋಮೋಸೋಮುಗಳು ಅಲ್ಲಲ್ಲೇ ಗಟ್ಟಿಯಾಗುತ್ತವೆ. ಹತ್ತು ಮೈಕ್ರೋಗ್ರಾಂನ ಒಂದು ವಯಲ್‌ಗೆ ನಾನು ಕೊಟ್ಟಿದ್ದು ಮೂವತ್ತು ಸಾವಿರದ ಆಸುಪಾಸು. ಮೊದಲನೆಯದು ಡ್ರೈ ಐಸ್ ಪೂರ್ತಿ ಆವಿಯಾದ ಡಬ್ಬಿಯಲ್ಲಿ, ಬಿಸಿಲಲ್ಲಿ ನಿಂತು ಬಂತು. ಒಂದು ಕೋಶವೂ ಗಟ್ಟಿಯಾಗಲಿಲ್ಲ. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ, ಪ್ರಾಜೆಕ್ಟಿನ ಆ ವರ್ಷದ ಕೆಮಿಕಲ್ ಬಾಬ್ತು ಅಲ್ಲಿಗೆ ಖಾಲಿ. ಎರಡನೆಯದನ್ನು ತೆರೆದ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ ಇಪ್ಪತ್ತರಲ್ಲಿಟ್ಟೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಲಿಲ್ಲ.

ನಡುವೆ ಅದೇ ಕೆಲಸಕ್ಕೆ ಅಗ್ಗಕ್ಕೆ ಸಿಗುವ ಒಕಡಾಯಿಕ್ ಆಸಿಡ್ ಪ್ರಯತ್ನಿಸಿದೆ. ಕೆಲಸ ಮಾಡುತ್ತದೆ, ಆದರೆ ಸಿಕ್ಕ ಕೋಶಗಳು ಅರ್ಧದಷ್ಟೂ ಇಲ್ಲ. ವಿದ್ಯಾರ್ಥಿಗಳ ಕೈ ಪಳಗಿಸಲು ಸಾಕು.

ಮೊದಲ ಒಳ್ಳೆಯ ಸ್ಲೈಡ್ ಇನ್ನೂ ಕಣ್ಣಿಗೆ ಕಟ್ಟಿದೆ. ಮೈಕ್ರೋಸ್ಕೋಪಿನ 100ಎಕ್ಸ್ ಆಯಿಲ್ ಲೆನ್ಸಿನಡಿ ಗಿಡ್ಡ, ದಪ್ಪ, ಅಂಚು ಮಸುಕಾದ ಕ್ರೋಮೋಸೋಮುಗಳು; ನಡುವೆ ಒಂದು ಸ್ಪಷ್ಟ ಉಂಗುರ, ಸುತ್ತ ಚುಕ್ಕಿಯಂಥ ತುಣುಕುಗಳು. 46 ಇರಬೇಕಾದಲ್ಲಿ 53 ಎಣಿಸಿದೆ. ಈ ವಿಧಾನದಲ್ಲಿ ಸೆಂಟ್ರೋಮಿಯರ್ ಸರಿಯಾಗಿ ಕಾಣುವುದಿಲ್ಲ, ಡೈಸೆಂಟ್ರಿಕ್ ಹುಡುಕಿ ಕಣ್ಣು ಹಾಳುಮಾಡಿಕೊಳ್ಳಬೇಡಿ. ಹೆಚ್ಚುವರಿ ತುಣುಕು, ಉಂಗುರ ಎರಡನ್ನೇ ಎಣಿಸಿ. ಅದೇ ಡೋಸ್, ಅದೇ ರಕ್ತ: ಮೆಟಾಫೇಸಿಗೆ ಹೋಲಿಸಿದರೆ ಕೋಶವೊಂದಕ್ಕೆ ಎರಡೂವರೆಯಿಂದ ಮೂರು ಪಟ್ಟು ಹಾನಿ ಕಂಡಿತು. ಗ್ಯಾಮಾದಲ್ಲಿ ಈ ಅಂತರ ಅಷ್ಟಿಲ್ಲ. ಸುಮ್ಮನೆ ದುಡ್ಡು ಎಂದಿದ್ದವರೇ ಈಗ ಪ್ರೊಟೊಕಾಲ್ ಕೇಳಿ ಫೋನ್ ಮಾಡುತ್ತಿದ್ದಾರೆ.

ಒಂದು ಮಾತು: ಬೀಮ್ ಇಲ್ಲದೆ ಅಷ್ಟೇ ಹೊತ್ತು ಮೀಡಿಯಂ ಹೊರಗಿಟ್ಟ ಡಿಶ್ ಪ್ರತಿ ಸಲ ಇರಲೇಬೇಕು. ಒಣಗಿದ ಕೋಶಗಳೂ ಹಾನಿ ತಿಂದಂತೆಯೇ ಕಾಣುತ್ತವೆ. ಮೂರು ಅಥವಾ ಹೆಚ್ಚು ಮುರಿತಗಳು ಸೇರಿದ ಸಂಕೀರ್ಣ ವಿನಿಮಯಗಳನ್ನು ಸಾಮಾನ್ಯ ಗೀಮ್ಸಾ ಬಣ್ಣದಲ್ಲಿ ಹಿಡಿಯಲಾಗದು, ಅದಕ್ಕೆ ಆಯ್ದ ಕ್ರೋಮೋಸೋಮುಗಳಿಗೆ ಹೊಳೆಯುವ ಬಣ್ಣ ಹಚ್ಚುವ ಫಿಶ್ ಪೇಂಟ್ ಬೇಕು. ಅದರ ಕೊಟೇಷನ್ ಬಂದಿದೆ, ಲಕ್ಷ ದಾಟಿದೆ. ಮುಂದಿನ ಬೀಮ್ ಟೈಮಿನೊಳಗೆ ಮಂಜೂರಾದರೆ 1, 2, 4ನೇ ಕ್ರೋಮೋಸೋಮುಗಳಿಂದ ಶುರುಮಾಡುತ್ತೇನೆ.