ಗುಲಾಬಿ ಬುಡದ ಹಿಂಡಿ

ನಮ್ಮ ನಾಯಿ ಕರಿಯ ಮರಿಯಾಗಿ ಮನೆಗೆ ಬಂದಾಗ ನಾನು ಮೊದಲು ಮಾಡಿದ್ದು ಗೇಟಿನ ಕೆಳಗಿನ ಸಂದಿಗೆ ಜಾಲರಿ ಹೊಡೆಸಿದ್ದು. ರಸ್ತೆಗೆ ಹೋಗದಿದ್ದರೆ ಸಾಕು, ಕಾಂಪೌಂಡ್ ಒಳಗೆ ಏನು ಭಯ ಅಂದುಕೊಂಡಿದ್ದೆ.

ಅವನಿಗೆ ಎಂಟು ತಿಂಗಳಿದ್ದಾಗ ಗುಲಾಬಿಗೆ ಹರಳು ಹಿಂಡಿ ಹಾಕಿದೆ. ಬುಡ ಕೆದಕಿ, ಹಿಂಡಿ ಉದುರಿಸಿ, ಮಣ್ಣು ಮುಚ್ಚಿದ್ದೆ. ಸಂಜೆ ನೋಡಿದರೆ ಮೂರು ಬುಡ ಅಗೆದು ಹಾಕಿದ್ದಾನೆ, ಮೂತಿ ತುಂಬ ಮಣ್ಣು. ಆ ವಾಸನೆ ನಾಯಿಗಳಿಗೆ ಬಲು ಇಷ್ಟವಂತೆ. ನಾನು ಬೈದು, ಮೂತಿ ತೊಳೆದು ಸುಮ್ಮನಾದೆ. ರಾತ್ರಿ ವಾಂತಿ ಶುರುವಾಯಿತು. ಬೆಳಗ್ಗೆ ಭೇದಿಯಲ್ಲಿ ರಕ್ತ.

"ಗಿಡಕ್ಕೆ ಏನಾದ್ರೂ ಹಾಕಿದ್ರಾ?" ಪಶುವೈದ್ಯರು ಮೊದಲು ಕೇಳಿದ್ದೇ ಇದು. ಹರಳು ಬೀಜದಲ್ಲಿ ರಿಸಿನ್ ಅನ್ನುವ ವಿಷವಿದೆ. ಗಾಣದಲ್ಲಿ ಅದು ಎಣ್ಣೆಯ ಜೊತೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ನಾಶವಾಗುತ್ತದೆ ನಿಜ, ಆದರೆ ನಾವು ತರುವ ಚೀಲದ ಹಿಂಡಿಯನ್ನು ಯಾರು ಎಷ್ಟು ಬಿಸಿ ಮಾಡಿರುತ್ತಾರೆ? ಇದಕ್ಕೆ ಪ್ರತಿಮದ್ದಿಲ್ಲ. ಡ್ರಿಪ್ ಹಾಕಿಸಿ ಕಾಯಬೇಕು. ಮೂರು ದಿನ ಕಾದೆವು. ನಾಲ್ಕನೇ ದಿನ ಗಂಜಿ ನೆಕ್ಕಿದ.

ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ಪೂರ್ತಿ ಅವನ ಹಿಂದೆಯೇ ತಿರುಗಿದೆ. ಅವನು ಎಲ್ಲಿ ಮೂಸಿದನೋ ಅಲ್ಲಿ ಬಗ್ಗಿ ನೋಡಿದೆ. ಪಂಪಿನ ಗೂಡಿನ ಹಿಂದೆ ಇಲಿ ಪಾಷಾಣದ ಬಿಲ್ಲೆ! ಹಿಂದಿನ ವರ್ಷ ನಾನೇ ಇಟ್ಟು ಮರೆತಿದ್ದೆ. ಬ್ರೊಮಾಡಿಯೊಲೋನ್ ಬಿಲ್ಲೆ ಅದು. ತಿಂದ ದಿನ ನಾಯಿ ಆಡಿಕೊಂಡೇ ಇರುತ್ತದೆ. ರಕ್ತ ಹೆಪ್ಪುಗಟ್ಟದೆ ಸುಸ್ತು ಕಾಣುವುದು ಕೆಲವು ದಿನಗಳ ಮೇಲೆ. ಅದಕ್ಕೆ ಮದ್ದಾಗಿ ವಿಟಮಿನ್ ಕೆ1 ಇದೆ, ಆದರೆ ತಿಂದದ್ದು ಗೊತ್ತಾಗಬೇಕಲ್ವಾ? ಈಗ ನಮ್ಮಲ್ಲಿ ಬೋನು ಮಾತ್ರ.

ಕಣಗಿಲೆ ವಿಷಯದಲ್ಲಿ ಅಮ್ಮನಿಗೂ ನನಗೂ ಜಗಳವೇ ಆಯಿತು. ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ, ಒಣಗಿದರೂ ವಿಷ. "ಪೂಜೆಗೆ ಹೂವು ನೀನು ಕೊಂಡು ತರ್ತೀಯಾ?" ಅಂದರು. ಕೊನೆಗೆ ಗಿಡ ಉಳಿಯಿತು, ಸುತ್ತ ಬೇಲಿ ಬಂತು. ಸವರಿದ ಕಡ್ಡಿಯನ್ನು ನೆಲದ ಮೇಲೆ ಬಿಡುವಂತಿಲ್ಲ ಅನ್ನುವುದು ಒಪ್ಪಂದ.

ಸಂಪಿನ ಮುಚ್ಚಳಕ್ಕೆ ಚಿಲಕ ಹಾಕಿಸಿದೆ. ಹಾವು ಸೇರಬಾರದೆಂದು ಸೌದೆಯನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಒಟ್ಟಿದೆ. ಬೆಕ್ಕು ಪುಟ್ಟಿಗಾಗಿ ಫಿನಾಯಿಲ್ ಬಿಟ್ಟೆವು. ಒರೆಸಿದ ನೆಲದ ಮೇಲೆ ನಡೆದು ಅದೇ ಪಾದ ನೆಕ್ಕಿಕೊಳ್ಳುತ್ತಾಳೆ, ಬೆಕ್ಕಿನ ಲಿವರ್‌ಗೆ ಅದು ಅರಗುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಹಾಗೆಯೇ, ಒಂದೇ ಮಾತ್ರೆ ಸಾಕು ಜೀವ ತೆಗೆಯಲು. ಅಮ್ಮನ ಮಾತ್ರೆಗಳೆಲ್ಲ ಈಗ ಡಬ್ಬಿಯೊಳಗೆ.

ಗುಲಾಬಿಗೆ ಈಗ ಸಗಣಿ ಗೊಬ್ಬರ. ಕರಿಯ ಅದನ್ನೂ ಬಿಡುವುದಿಲ್ಲ. ಹಾಗಾಗಿ ಜಂತುಹುಳದ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ.