ನೂರೆಂಟು ಮನೆಯ ಟೇಬಲ್ ಮಡಚಿದ್ದು

ಒಂದು ಪುಟ್ಟ ಬೋರ್ಡ್ ಮೇಲೆ ಓಡುವ ಲೆಕ್ಕದ ಭಾಷೆಗೆ ಪಾರ್ಸರ್ ಬೇಕಿತ್ತು, ಅಂದರೆ ಬರೆದದ್ದು ಆ ಭಾಷೆಯ ಗ್ರಾಮರ್‌ಗೆ ಹೊಂದುತ್ತದೆಯೇ ಅಂತ ಬಿಡಿಸಿ ನೋಡುವ ಪ್ರೋಗ್ರಾಂ. ಗ್ರಾಮರ್ ಕೊಟ್ಟರೆ ಪಾರ್ಸರ್ ಬರೆದುಕೊಡುವ ಬೈಸನ್ ಅನ್ನುವ ಜನರೇಟರ್ ಬಳಸಿದ್ದರೆ ಅರ್ಧ ದಿನದ ಕೆಲಸ. ಆದರೆ ಅದು ಬರೆದುಕೊಡುವ ಸಿ ಫೈಲ್ ತೆರೆದಾಗಲೆಲ್ಲ ಅಲ್ಲಿರುವ ಅಂಕಿಗಳ ರಾಶಿ ನನ್ನನ್ನು ಕೆಣಕುತ್ತಿತ್ತು. ವೈವೈಟೇಬಲ್, ವೈವೈಚೆಕ್, ವೈವೈಪ್ಯಾಕ್ಟ್, ವೈವೈಡೆಫ್ಯಾಕ್ಟ್. ಇಷ್ಟು ವರ್ಷ ಬಳಸಿ ಇದೇನು ಅಂತ ಗೊತ್ತಿಲ್ಲ ಅಂದರೆ ನಾಚಿಕೆ ಅಲ್ವಾ? ಸರಿ, ಜನರೇಟರನ್ನೇ ಬರೆಯಲು ಕೂತೆ.

ಸ್ಟೇಟ್‌ಗಳನ್ನು, ಅಂದರೆ ಪಾರ್ಸರ್ ಓದುತ್ತಾ ಎಲ್ಲಿಗೆ ಬಂದಿದೆ ಅನ್ನುವ ಸ್ಥಿತಿಗಳನ್ನು, ಹುಟ್ಟಿಸುವ ಭಾಗದಲ್ಲಿ ನನಗೆ ತೊಂದರೆ ಆಗಲಿಲ್ಲ. 1965ರಲ್ಲಿ ಡೊನಾಲ್ಡ್ ಕನೂತ್ ಎಲ್‌ಆರ್ ಪಾರ್ಸಿಂಗ್ ಕೊಟ್ಟರು. 1969ರಲ್ಲಿ ಫ್ರ್ಯಾಂಕ್ ಡಿರೆಮರ್ ಅದನ್ನು ಎಲ್‌ಎಎಲ್‌ಆರ್ ಅಂತ ಕಿರಿದು ಮಾಡಿದರು. ಎಲ್ಲ ಪಠ್ಯಪುಸ್ತಕದಲ್ಲೂ ಇದೆ, ಓದಿಕೊಂಡು ಬರೆದೆ. ನಾನು ಒದ್ದಾಡಿದ್ದು ಆಮೇಲೆ, ಸಿಕ್ಕ ಟೇಬಲನ್ನು ಚಿಕ್ಕದು ಮಾಡುವಾಗ.

ಪರೀಕ್ಷೆಗೆ ಎಲ್ಲರಿಗೂ ಗೊತ್ತಿರುವ ಗ್ರಾಮರನ್ನೇ ಇಟ್ಟುಕೊಂಡೆ:

ಎಕ್ಸ್‌ಪ್ರೆಷನ್ → ಎಕ್ಸ್‌ಪ್ರೆಷನ್ + ಟರ್ಮ್ | ಟರ್ಮ್
ಟರ್ಮ್ → ಟರ್ಮ್ * ಫ್ಯಾಕ್ಟರ್ | ಫ್ಯಾಕ್ಟರ್
ಫ್ಯಾಕ್ಟರ್ → ( ಎಕ್ಸ್‌ಪ್ರೆಷನ್ ) | ಹೆಸರು

ಇದಕ್ಕೆ 12 ಸ್ಟೇಟ್ ಬರುತ್ತವೆ. ಟೋಕನ್, ಅಂದರೆ ಇನ್‌ಪುಟ್‌ನ ಬಿಡಿ ತುಂಡು, ಆರು: ಹೆಸರು, +, *, (, ), ಮತ್ತು ಇನ್‌ಪುಟ್‌ನ ಕೊನೆ; ಇದೇ ಕ್ರಮದಲ್ಲಿ ಅವುಗಳ ನಂಬರ್ 0ರಿಂದ 5. ಟೋಕನ್ನನ್ನು ಓದಿ ಸ್ಟ್ಯಾಕ್ ಮೇಲೆ ಇಡುವುದು ಶಿಫ್ಟ್, ಸ್ಟ್ಯಾಕ್ ಮೇಲಿನ ತುಂಡುಗಳನ್ನು ತೆಗೆದು ರೂಲ್‌ನ ಎಡಗಡೆಯ ಹೆಸರಾಗಿ ಮಾಡುವುದು ರಿಡ್ಯೂಸ್. ಯಾವ ಸ್ಟೇಟ್‌ನಲ್ಲಿ ಯಾವ ಟೋಕನ್ ಬಂದರೆ ಏನು ಮಾಡಬೇಕು ಅನ್ನುವ ಆ್ಯಕ್ಷನ್ ಟೇಬಲ್‌ಗೆ 72 ಮನೆ, ರಿಡ್ಯೂಸ್ ಆದ ಮೇಲೆ ಯಾವ ಸ್ಟೇಟ್‌ಗೆ ಹೋಗಬೇಕು ಅನ್ನುವ ಗೋಟು ಟೇಬಲ್‌ಗೆ 36. ಒಟ್ಟು ನೂರೆಂಟು! ತುಂಬಿದ ಮನೆ ಎಷ್ಟು ಅಂತ ಎಣಿಸಿದರೆ 36 ಮತ್ತು 9, ಅಂದರೆ ಬರೀ 45. ಉಳಿದದ್ದೆಲ್ಲ ಖಾಲಿ. ದೊಡ್ಡ ಭಾಷೆಯಲ್ಲಿ ಸ್ಟೇಟ್‌ಗಳು ನೂರಾರು ಆಗುತ್ತವೆ, ಖಾಲಿ ಮನೆಗಳ ಪಾಲು ಇನ್ನೂ ಜಾಸ್ತಿ.

ಮೊದಲ ಉಪಾಯ ಡೀಫಾಲ್ಟ್ ರಿಡಕ್ಷನ್. ಸ್ಟೇಟ್ 5ಕ್ಕೆ ಬಂದೆವು ಅಂದರೆ ಈಗಷ್ಟೇ ಒಂದು ಹೆಸರು ಓದಿದ್ದೇವೆ. ಅಲ್ಲಿ ಮಾಡಲು ಇರುವುದು ಒಂದೇ ಕೆಲಸ, ಅದನ್ನು ಫ್ಯಾಕ್ಟರ್ ಆಗಿ ರಿಡ್ಯೂಸ್ ಮಾಡುವುದು. ಅದನ್ನೇ ನಾಲ್ಕು ಮನೆಯಲ್ಲಿ ನಾಲ್ಕು ಸಲ ಬರೆಯುವುದೇಕೆ? 'ಬೇರೇನೂ ಸಿಗದಿದ್ದರೆ ಇದನ್ನು ಮಾಡು' ಅಂತ ಸ್ಟೇಟ್‌ಗೆ ಒಂದು ಅಂಕಿ ಪಕ್ಕದಲ್ಲಿ ಇಟ್ಟರೆ ಆಯಿತು. ವೈವೈಡೆಫ್ಯಾಕ್ಟ್ ಅಂದರೆ ಇದೇ. ಹೀಗೆ ಮಾಡಿದ ಕೂಡಲೇ 3, 5, 10, 11ನೇ ಸಾಲು ಪೂರ್ತಿ ಖಾಲಿಯಾದವು. 2 ಮತ್ತು 9ರಲ್ಲಿ * ಬಂದರೆ ಶಿಫ್ಟ್ ಅನ್ನುವ ಒಂದೊಂದೇ ಮನೆ ಉಳಿಯಿತು. ನೋಡಿದರೆ ಆ ಎರಡೂ ಸಾಲು ಈಗ ಒಂದೇ! 0, 4, 6, 7 ಕೂಡ ಒಂದರ ಹಾಗೆ ಒಂದು. ಒಂದೇ ತರಹದ ಸಾಲನ್ನು ಒಮ್ಮೆ ಇಟ್ಟರೆ ಸಾಕು. 36 ಹೋಗಿ 7 ಉಳಿಯಿತು.

ಎರಡನೆಯದು ಸಾಲುಗಳನ್ನು ಒಂದೇ ಅರೇಯೊಳಗೆ ಹೆಣೆಯುವುದು. ಹಲ್ಲು ಮುರಿದ ಎರಡು ಬಾಚಣಿಗೆಗಳನ್ನು ನೆನೆಸಿಕೊಳ್ಳಿ. ಒಂದನ್ನು ಸ್ವಲ್ಪ ಸರಿಸಿದರೆ ಇದರ ಹಲ್ಲು ಅದರ ಸಂದಿಯಲ್ಲಿ ಕೂರುತ್ತದೆ. ಪ್ರತಿ ಸಾಲು ಅರೇಯಲ್ಲಿ ಎಲ್ಲಿಂದ ಶುರು ಅನ್ನುವ ಆಫ್‌ಸೆಟ್ ವೈವೈಪ್ಯಾಕ್ಟ್‌ನಲ್ಲಿರುತ್ತದೆ. ಆಫ್‌ಸೆಟ್‌ಗೆ ಟೋಕನ್ ನಂಬರ್ ಕೂಡಿಸಿದರೆ ಮನೆ ಸಿಗುತ್ತದೆ. ಆ ಮನೆ ನಿಜವಾಗಿ ನಮ್ಮದೋ, ಇನ್ನೊಂದು ಸಾಲಿನದೋ ಅಂತ ಹೇಳುವುದು ವೈವೈಚೆಕ್. ಅತಿ ಚಿಕ್ಕ ಜೋಡಣೆ ಹುಡುಕುವುದು ಎನ್‌ಪಿ-ಕಂಪ್ಲೀಟ್ ಸಮಸ್ಯೆ, ಅಂದರೆ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲ. ಆದರೆ ಜಾಸ್ತಿ ತುಂಬಿದ ಸಾಲನ್ನು ಮೊದಲು ಕೂರಿಸಿ, ಉಳಿದವನ್ನು ಸಿಕ್ಕ ಮೊದಲ ಜಾಗಕ್ಕೆ ತೂರಿಸುತ್ತಾ ಹೋದರೆ ಸಾಕಷ್ಟು ಚೆನ್ನಾಗಿಯೇ ಬರುತ್ತದೆ. 1979ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಟಾರ್ಜನ್ ಮತ್ತು ಯಾವ್ ಇದನ್ನೇ ಲೆಕ್ಕ ಹಾಕಿ ನೋಡಿದ್ದರು.

ನಾನು ಎಡವಿದ್ದು ಇಲ್ಲೇ. ಚೆಕ್ ಅರೇಯಲ್ಲಿ ಏನು ಬರೆಯಬೇಕು? ಸ್ಟೇಟ್ ನಂಬರ್ ಬರೆದರೆ, ಒಂದೇ ಸಾಲನ್ನು ನಾಲ್ಕು ಸ್ಟೇಟ್ ಹಂಚಿಕೊಳ್ಳಲು ಆಗುವುದಿಲ್ಲ. ಬೈಸನ್ ಟೋಕನ್ ನಂಬರ್ ಬರೆಯುತ್ತದೆ. ನಾನೂ ಹಾಗೇ ಬರೆದೆ. 0, 1 ಮತ್ತು 2ನೇ ಸ್ಟೇಟ್‌ಗಳ ಸಾಲಿನಲ್ಲಿ ಒಂದಕ್ಕೊಂದು ತಾಗುವ ಮನೆಯೇ ಇಲ್ಲ. ಹಾಗಾಗಿ ನನ್ನ ಪ್ರೋಗ್ರಾಂ ಮೂರನ್ನೂ ಆಫ್‌ಸೆಟ್ ಸೊನ್ನೆಯಲ್ಲೇ ಕೂರಿಸಿತು. ಭಾರಿ ಖುಷಿ. ಸರಿಯಾದ ಇನ್‌ಪುಟ್‌ಗಳೆಲ್ಲ ಪಾಸ್ ಆದವು.

ಆಮೇಲೆ ಸುಮ್ನೆ '+ಹೆಸರು)' ಅಂತ ಕೊಟ್ಟೆ. ಎರರ್ ಬರಬೇಕಿತ್ತು. ಪ್ರೋಗ್ರಾಂ ಕುಸಿದು ಬಿತ್ತು.

ಒಂದೊಂದೇ ಹೆಜ್ಜೆ ಇಟ್ಟು ನೋಡಿದೆ. ಸ್ಟೇಟ್ 0, ಟೋಕನ್ +. ಸೊನ್ನೆಗೆ ಒಂದು ಕೂಡಿಸಿದರೆ ಒಂದನೇ ಮನೆ. ಚೆಕ್‌ನಲ್ಲಿ + ಇದೆ, ಸರಿ ಅಂದುಕೊಂಡು ಶಿಫ್ಟ್ ಮಾಡಿ ಸ್ಟೇಟ್ 6ಕ್ಕೆ ಹೋಯಿತು. ಆದರೆ ಆ ಮನೆ ಸ್ಟೇಟ್ 1ರದ್ದು! ಮುಂದೆ ಹೆಸರು ಬಂತು, ಫ್ಯಾಕ್ಟರ್ ಆಯಿತು, ಟರ್ಮ್ ಆಯಿತು. ಸ್ಟ್ಯಾಕ್‌ನಲ್ಲಿ 0, 6, 9. ಕೊನೆಗೆ ) ಬಂದಾಗ ಡೀಫಾಲ್ಟ್ ಪ್ರಕಾರ 'ಎಕ್ಸ್‌ಪ್ರೆಷನ್ + ಟರ್ಮ್' ರಿಡ್ಯೂಸ್ ಮಾಡಲು ಮೂರು ತೆಗೆಯಿತು. ಇದ್ದದ್ದೇ ಮೂರು. ತಳವೇ ಹೋಯಿತು.

ಟೋಕನ್ ನಂಬರ್ ಹೊಂದಿದರೆ ಖಚಿತವಾಗುವುದು ಇಷ್ಟೇ: ಈ ಮನೆಯನ್ನು ತುಂಬಿದ ಸಾಲಿನ ಆಫ್‌ಸೆಟ್ಟೂ ನನ್ನ ಆಫ್‌ಸೆಟ್ಟೂ ಒಂದೇ. ಅದು ನನ್ನ ಸಾಲೇ ಆಗಬೇಕಾದರೆ, ಬೇರೆ ಬೇರೆ ಸಾಲುಗಳಿಗೆ ಬೇರೆ ಬೇರೆ ಆಫ್‌ಸೆಟ್ ಇರಲೇಬೇಕು. ಬೈಸನ್ ಸಾಲು ಕೂರಿಸುವಾಗ ಇದನ್ನು ಪರೀಕ್ಷಿಸುತ್ತದೆ. ನನ್ನ ಕೋಡ್‌ನಲ್ಲಿ ಆ ಒಂದು ಪರೀಕ್ಷೆ ಇರಲಿಲ್ಲ. ಅದನ್ನು ಸೇರಿಸಿದ ಮೇಲೆ ಆಫ್‌ಸೆಟ್‌ಗಳು 0, 1, 3 ಮತ್ತು -1 ಅಂತ ಬಂದವು. ಮೈನಸ್ ಇದ್ದರೂ ಪರವಾಗಿಲ್ಲ, ಕೂಡಿಸಿದ ಮೇಲೆ ಅರೇಯೊಳಗೆ ಇದ್ದೇವಾ ಅಂತ ನೋಡಿದರೆ ಆಯಿತು. ಅಷ್ಟೂ ಸಾಲುಗಳು 8 ಮನೆಯಲ್ಲಿ ಕೂತವು, ಖಾಲಿ ಉಳಿದದ್ದು ಒಂದೇ.

ಗೋಟು ಟೇಬಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಅಡ್ಡ ಸಾಲಿನ ಬದಲು ಉದ್ದಕ್ಕೆ ಹಿಡಿಯಬೇಕು. ಫ್ಯಾಕ್ಟರ್ ಬಂದರೆ ಮೂರು ಕಡೆ 3ಕ್ಕೇ ಹೋಗುವುದು, ಸ್ಟೇಟ್ 7ರಿಂದ ಮಾತ್ರ 10ಕ್ಕೆ. 3ನ್ನು ಡೀಫಾಲ್ಟ್ ಮಾಡಿ. ಗೋಟುವಿನಲ್ಲಿ ಎರರ್ ಅನ್ನುವುದೇ ಇಲ್ಲವಾದ್ದರಿಂದ ಇಲ್ಲಿ ಡೀಫಾಲ್ಟ್ ಇಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ. ಒಂಬತ್ತರಲ್ಲಿ ಮೂರು ಉಳಿಯುತ್ತವೆ.

ಇನ್ನೊಂದು ಸಣ್ಣ ಎಚ್ಚರಿಕೆ. ಶಿಫ್ಟ್‌ಗೆ ಪ್ಲಸ್, ರಿಡ್ಯೂಸ್‌ಗೆ ಮೈನಸ್ ಅಂತ ಒಂದೇ ಬೈಟ್‌ನಲ್ಲಿ ಇಡುತ್ತಿದ್ದೆ. ಸ್ಟೇಟ್ ನಂಬರ್ 127 ದಾಟಿದ ದಿನ ಎಲ್ಲ ಎರಡು ಬೈಟ್ ಆಗಿ ಟೇಬಲ್ ದುಪ್ಪಟ್ಟಾಯಿತು. ಒಂದು ರೂಲ್ ಸೇರಿಸಿದ್ದಕ್ಕೆ! ಈಗ ಪ್ರತಿ ಅರೇಗೂ ಅದಕ್ಕೆ ಬೇಕಾದಷ್ಟೇ ಅಗಲ ಕೊಡುತ್ತೇನೆ, ಬೈಸನ್ ಮಾಡುವ ಹಾಗೆ.

ಇಷ್ಟೆಲ್ಲ ಆದ ಮೇಲೂ ಒಂದು ಕಿರಿಕಿರಿ ಉಳಿಯಿತು, ಎರರ್ ಮೆಸೇಜ್. 'ಹೆಸರು ಹೆಸರು' ಅಂತ ಕೊಟ್ಟರೆ ನನ್ನ ಪಾರ್ಸರ್ '+ ಅಥವಾ ಕೊನೆ ಬೇಕಿತ್ತು' ಅನ್ನುತ್ತಿತ್ತು. * ಎಲ್ಲಿ ಹೋಯಿತು? ಡೀಫಾಲ್ಟ್ ಇರುವುದರಿಂದ ಪಾರ್ಸರ್ ಮುಂದಿನ ಟೋಕನ್ ಸರಿಯೋ ಅಂತ ನೋಡದೆ 5, 3, 2 ಅಂತ ರಿಡ್ಯೂಸ್ ಮಾಡುತ್ತಾ ಸ್ಟೇಟ್ 1ಕ್ಕೆ ಬಂದುಬಿಟ್ಟಿದೆ. ಅಲ್ಲಿಗೆ ಬಂದ ಮೇಲೆ *ಗೆ ಜಾಗವೇ ಇಲ್ಲ. ತಪ್ಪು ಟೋಕನ್ನನ್ನು ಅದು ಎಂದೂ ಶಿಫ್ಟ್ ಮಾಡುವುದಿಲ್ಲ, ಆ ಭಯ ಬೇಡ. ತಪ್ಪು ಗೊತ್ತಾಗುವಷ್ಟರಲ್ಲಿ ಸ್ವಲ್ಪ ಮುಂದೆ ಹೋಗಿರುತ್ತದೆ, ಅಷ್ಟೇ.

ಒಂದೇ ಕೆಲಸ ಇರುವ ಸ್ಟೇಟ್‌ಗಳಿಗೆ ಮಾತ್ರ ಡೀಫಾಲ್ಟ್ ಕೊಟ್ಟು ನೋಡಿದೆ. 7 ಇದ್ದದ್ದು 14 ಆಯಿತು. ಈಗ ಸ್ಟೇಟ್ 2ರಲ್ಲಿ ನಿಂತು '+, *, ) ಅಥವಾ ಕೊನೆ' ಅಂದಿತು. * ಬಂತು, ಆದರೆ ತೆರೆಯದ ಬ್ರಾಕೆಟ್ಟನ್ನು ಮುಚ್ಚಲು ಹೇಳುತ್ತಿದೆ! ಇದು ಡೀಫಾಲ್ಟ್‌ನ ತಪ್ಪಲ್ಲ. ಬ್ರಾಕೆಟ್ ಒಳಗಿನ ಮತ್ತು ಹೊರಗಿನ ಸ್ಟೇಟ್‌ಗಳನ್ನು ಎಲ್‌ಎಎಲ್‌ಆರ್ ಒಂದು ಮಾಡಿದ್ದರ ಫಲ.

ಕೊನೆಗೆ ಡೀಫಾಲ್ಟ್‌ಗಳನ್ನು ಮೊದಲಿನ ಹಾಗೇ ಬಿಟ್ಟೆ. ಹೊಸ ಟೋಕನ್ ಓದಿದಾಗ ಸ್ಟ್ಯಾಕ್‌ನ ಒಂದು ಪ್ರತಿ ತೆಗೆದಿಡುತ್ತೇನೆ. ಎರರ್ ಬಂದರೆ ಆ ಪ್ರತಿಯ ಮೇಲೆ ಆರೂ ಟೋಕನ್‌ಗಳನ್ನು ಒಂದೊಂದಾಗಿ ಓಡಿಸಿ, ಯಾವುದು ಶಿಫ್ಟ್ ಅಥವಾ ಅಕ್ಸೆಪ್ಟ್ ತನಕ ಹೋಗುತ್ತದೋ ಅದನ್ನಷ್ಟೇ ಪಟ್ಟಿಗೆ ಹಾಕುತ್ತೇನೆ. ಬೈಸನ್‌ನಲ್ಲೂ ಹೀಗೆ ಸ್ಟ್ಯಾಕ್ ಮೇಲೆ ಮೊದಲೇ ಓಡಿಸಿ ನೋಡುವ ಒಂದು ಆಯ್ಕೆ ಇದೆ, ಅದರ ಹೆಸರು ಎಲ್‌ಎಸಿ (ಲುಕ್‌ಅಹೆಡ್ ಕರೆಕ್ಷನ್). 'ಹೆಸರು ಹೆಸರು' ಕೊಟ್ಟರೆ ಈಗ ಬರುವುದು '+, * ಅಥವಾ ಕೊನೆ ಬೇಕಿತ್ತು'. ಟೇಬಲ್ ಇನ್ನೂ ಎಂಟೇ ಮನೆ.